ಪಟೇಲರು ಕಚ್ಚಿ ಕುಡಿದ ಲೋಟ

ಬೇಸಿಗೆ ರಜೆ ಶುರುವಾದ ವಾರ ನಮ್ಮ ಮನೆಯ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಗಾಡಿಯಲ್ಲಿ ಒಬ್ಬ ಚೀನಾದವನಿದ್ದ. ಕೈ ಕಟ್ಟಿದ್ದರು.

ಗಾಡಿಯ ಜೊತೆ ನಡೆದು ಬಂದಿದ್ದ ಹೊಳೆದಂಡೆಯ ಮಳಲಕೊಪ್ಪಲಿನ ಜನ ಎಲ್ಲರೂ ಒಟ್ಟಿಗೆ ಮಾತಾಡಿದರು. ಸಾರಾಂಶ ಇಷ್ಟು. ಈ ಮನುಷ್ಯ ಬೆಳಗಿನಿಂದ ಹೇಮಾವತಿಗೆ ಇಳಿದು ಕೋಲು ನೆಟ್ಟು ಆಳ ನೋಡುತ್ತಿದ್ದ. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ. ಏನು ಕೇಳಿದರೂ ನಗುತ್ತಿದ್ದ. ಗಡಿಯಲ್ಲಿ ಯುದ್ಧ ಮುಗಿದು ಇನ್ನೂ ವರ್ಷವಾಗಿಲ್ಲ. ಸಣ್ಣ ಕಣ್ಣು, ಚಪ್ಪಟೆ ಮೂಗು, ಕೈಯಲ್ಲಿ ಕೋಲು. ಗೂಢಚಾರನಾಗಲು ಇನ್ನೇನು ಬೇಕು?

"ಚೀನಾದೋನು ಸಿಕ್ಕವ್ನೆ ಸಾ. ನಿಮಗೆ ಇಂದಿ ಬತ್ತದಲ್ಲ, ಒಸಿ ಇಚಾರ್ಸಿ" ಅಂದರು ಅವರ ಮುಂದಾಳು, ಪಟೇಲ ಬೋರೇಗೌಡರು.

ಚೀನಾದವನನ್ನು ಹಿಂದಿಯಲ್ಲಿ ಯಾಕೆ ವಿಚಾರಿಸಬೇಕು ಎಂದು ನಾನು ಕೇಳಲಿಲ್ಲ. ಹೊಳೆನರಸೀಪುರದಲ್ಲಿ ಹಿಂದಿ ಮೇಷ್ಟರಿಗೆ ಇರುವ ಬೇಡಿಕೆ ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರು ನನ್ನ ಹಿಂದಿನ ಅಂಕಣಗಳನ್ನು ಓದಿ. ಅರ್ಧದಷ್ಟು ಅದೇ ಗೋಳು.) ಇಷ್ಟು ವರ್ಷ ಪಾಠ ಮಾಡಿದ ಭಾಷೆಯನ್ನು ಒಬ್ಬ ಮನುಷ್ಯನ ಮೇಲೆ ಪ್ರಯೋಗಿಸುವ ಅವಕಾಶ ಮೊದಲ ಬಾರಿಗೆ ಬಂದಿತ್ತು. ಶಲ್ಯ ಹೊದ್ದು ಜಗಲಿಗೆ ಬಂದೆ.

ಚೀನಾದವನು ಅಸ್ಸಾಮಿನವನಾಗಿದ್ದ.

ಮಿಸಿಂಗ್ ಅನ್ನುವ ಜನವಂತೆ. ಬ್ರಹ್ಮಪುತ್ರದ ದಂಡೆಯಲ್ಲಿ ಇರುವವರು. ಇವರು ಸಿನಿಮಾ ಡೈರೆಕ್ಟರು. ತಮ್ಮ ಜನದ ಬದುಕಿನ ಮೇಲೆ, ತಮ್ಮದೇ ಭಾಷೆಯಲ್ಲಿ ಒಂದು ಚಿತ್ರ ತೆಗೆಯಲು ಹೊರಟಿದ್ದಾರೆ. ಯುದ್ಧವಾದ ಮೇಲೆ ಆ ಕಡೆ ಕ್ಯಾಮೆರಾ ತಿರುಗಿಸಲು ಪರ್ಮಿಟ್ಟು ಸಿಕ್ಕಿಲ್ಲ. ಮದರಾಸಿನಲ್ಲಿ ಕ್ಯಾಮೆರಾ ಸಿಕ್ಕಿದೆ, ಹೊಳೆ ಸಿಕ್ಕಿಲ್ಲ. ಹುಡುಕುತ್ತ ಬಂದವರಿಗೆ ಬಸ್ಸಿನ ಕಿಟಕಿಯಿಂದ ನಮ್ಮ ಹೇಮಾವತಿ, ಅದರ ಮರಳು, ಆಚೆ ದಡದ ಬಿದಿರು ಕಂಡಿವೆ. ಊರು ನೆನಪಾಗಿ ಇಳಿದುಬಿಟ್ಟಿದ್ದಾರೆ.

ಇದೆಲ್ಲ ನಮ್ಮಿಬ್ಬರ ಮಧ್ಯೆ ಹಿಂದಿಯಲ್ಲಿ ನಡೆಯಿತು. ನನ್ನದು ಪುಸ್ತಕದ ಹಿಂದಿ, ಅವರದು ರೈಲ್ವೆ ಪ್ಲಾಟ್‌ಫಾರಂ ಹಿಂದಿ. ರಾಷ್ಟ್ರಭಾಷೆ ಎಲ್ಲಾದರೂ ಕೇಳಿಸಿಕೊಂಡಿದ್ದರೆ ಎರಡನ್ನೂ ಮಗ್ಗಿ ಹೇಳಿಸಿ ಬೆಂಚಿನ ಮೇಲೆ ನಿಲ್ಲಿಸುತ್ತಿತ್ತು.

ಈ ಭಾಷೆಯ ಸಿನಿಮಾ ಯಾರು ನೋಡುತ್ತಾರೆ ಎಂದು ಕೇಳಿದೆ. "ನನ್ನ ತಾಯಿ" ಅಂದರು. ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ಆಕೆ ಟೆಂಟಿನಲ್ಲಿ ಒಂದೆರಡು ಸಿನಿಮಾ ನೋಡಿದ್ದಾರೆ. ಪರದೆಯ ಮೇಲಿನವರು ಒಬ್ಬರೂ ತಮ್ಮ ಮಾತನ್ನು ಆಡುವುದಿಲ್ಲವಲ್ಲ, ನಮ್ಮ ಮಾತು ಅಲ್ಲಿಗೆ ಹತ್ತುವುದಿಲ್ಲವೇನೋ ಎಂದು ಮಗನನ್ನು ಕೇಳಿದ್ದಾರೆ. ಹತ್ತುತ್ತದೆ ಎಂದು ತೋರಿಸಲು ಮಗ ಸಾಲ ಸೋಲ ಮಾಡಿ ಹೊರಟಿದ್ದಾನೆ.

ಕೈ ಬಿಚ್ಚಿಸಿದೆ. ನನ್ನಾಕೆ ಕಾಫಿ ತಂದುಕೊಟ್ಟಳು. ಪಾಪ, ಹಸಿದಿದ್ದರು. ಹಿತ್ತಾಳೆ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಅಂಚಿಗೆ ತುಟಿಯಿಟ್ಟು ಸೊರ್ ಎಂದು ಹೀರಿದರು. ಬಾಗಿಲಲ್ಲಿ ನಿಂತಿದ್ದ ನನ್ನಾಕೆಯ ಮುಖ ನೋಡಬೇಕಿತ್ತು.

ಇಲ್ಲಿ ದೂರದ ಓದುಗರಿಗೆ ಒಂದು ಮಾತು. (ಸಕಲೇಶಪುರದ ಆಚೆಗೂ ಈ ಪತ್ರಿಕೆ ಹೋಗುತ್ತದೆ ಎಂದು ಸಂಪಾದಕರು ಆಗಾಗ ಹೇಳುತ್ತಾರೆ.) ನಮ್ಮಲ್ಲಿ ಕುಡಿಯುವುದರಲ್ಲಿ ಎರಡು ಬಗೆ. ತುಟಿಗೆ ತಾಗಿಸದೆ ಮೇಲಿನಿಂದ ಬಾಯಿಗೆ ಸುರಿದುಕೊಂಡರೆ ಎತ್ತಿ ಕುಡಿಯುವುದು. ತುಟಿ ತಾಗಿಸಿದರೆ ಕಚ್ಚಿ ಕುಡಿಯುವುದು. ಮೊದಲನೆಯದು ಮರ್ಯಾದೆ. ಎರಡನೆಯದು ಎಂಜಲು.

ಅತಿಥಿ ಹೋದ ಮೇಲೆ ಆ ಹಿತ್ತಾಳೆ ಲೋಟ ಒಳಗೆ ಬರಲಿಲ್ಲ. ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತಿತು. ಅವರು ಬಂದಾಗಲೆಲ್ಲ ಅದರಲ್ಲೇ ಕಾಫಿ, ಹೋದ ಮೇಲೆ ಅದಕ್ಕೆ ಅದೇ ಕಲ್ಲು. ಅಡುಗೆಮನೆಯ ವಿಚಾರದಲ್ಲಿ ಗಂಡಸರು ಬಾಯಿ ಹಾಕಬಾರದಲ್ಲವೇ?

ಅಂತೂ ರಜೆಯ ತುಂಬ ನಾನು ದುಭಾಷಿಯಾದೆ. ಮದರಾಸಿನಿಂದ ಕ್ಯಾಮೆರಾದವರು ಬಂದರು. ಡೈರೆಕ್ಟರ ತಂಗಿ, ಇಬ್ಬರು ನೆಂಟರು ಅಸ್ಸಾಮಿನಿಂದ ಬಂದರು. ಅರಕಲಗೂಡಿನ ಕಡೆಯಿಂದ ಬಿದಿರು, ಕೊಣನೂರು ಸಂತೆಯಿಂದ ಚಾಪೆ, ಕುಕ್ಕೆ ಬಂದವು. ಮಳಲಕೊಪ್ಪಲಿನ ಮರಳ ದಿಣ್ಣೆಯ ಮೇಲೆ ಆಳೆತ್ತರದ ಕಂಬಗಳೆದ್ದು, ಅವುಗಳ ಮೇಲೊಂದು ಬಿದಿರಿನ ಮನೆ ಎದ್ದಿತು. ಹತ್ತಲು ಒಂದು ಏಣಿ. ಅವರ ಕಡೆ ಹೊಳೆ ವರ್ಷವರ್ಷ ಊರೊಳಗೆ ಬರುತ್ತದಂತೆ, ಅದಕ್ಕೇ ಮನೆಗಳಿಗೆ ಕಾಲು. ಕೆಳಗೆ ಮಗ್ಗ, ಕೋಳಿ, ಹಂದಿ. (ಹಂದಿ ಎಂದಾಗ ಊರಿನಲ್ಲಿ ಎದ್ದ ಗಲಾಟೆಗೆ ಇನ್ನೊಂದು ಅಂಕಣವೇ ಬೇಕು. ಕೊನೆಗೆ ಕೋಳಿಗೆ ಒಪ್ಪಂದವಾಯಿತು.)

ಮುಹೂರ್ತದ ದಿನ ತಾಲ್ಲೂಕಿನ ದೊಡ್ಡ ಮನುಷ್ಯರೊಬ್ಬರು ಜೀಪಿನಲ್ಲಿ ಬಂದು ಭಾವೈಕ್ಯದ ಬಗ್ಗೆ ಭಾಷಣ ಮಾಡಿದರು. ಅಸ್ಸಾಮಿನವರಾಗಲಿ, ಹಾಸನದವರಾಗಲಿ, ನಾವೆಲ್ಲರೂ ಒಂದೇ ಬಟ್ಟಲಿನಲ್ಲಿ ಹಾಲು ಕುಡಿದ ಭಾರತಮಾತೆಯ ಮಕ್ಕಳು ಎಂದರು. ಜೋರು ಚಪ್ಪಾಳೆ. ಆಮೇಲೆ ಪಟೇಲರ ಮನೆಯಿಂದ ಬಂದ ಎಳನೀರನ್ನು ಬೆಳ್ಳಿ ಲೋಟಕ್ಕೆ ಬಗ್ಗಿಸಿಕೊಂಡು, ಎತ್ತಿ ಕುಡಿದು, ಜೀಪು ಹತ್ತಿದರು.

ಇನ್ನು ಪಾರ್ಟು ಹಂಚುವ ಕೆಲಸ. ಚಿತ್ರದಲ್ಲಿ ಊರ ಹಿರಿಯನೊಬ್ಬನಿದ್ದಾನೆ. ಎಲ್ಲರೂ ಅವನನ್ನು ಅಪ್ಪ ಅನ್ನುತ್ತಾರೆ. ಪಟೇಲ ಬೋರೇಗೌಡರು ಅಂದು ಮೀಸೆಗೆ ಎಣ್ಣೆ ಹಚ್ಚಿಕೊಂಡೇ ಬಂದಿದ್ದರು. ಊರ ಯಜಮಾನನ ಪಾರ್ಟು ಊರ ಯಜಮಾನನಿಗೆ ತಾನೆ?

ಡೈರೆಕ್ಟರು ಪಟೇಲರನ್ನು ದಾಟಿ, ಅವರ ಹಿಂದೆ ನಿಂತಿದ್ದವರನ್ನೂ ದಾಟಿ, ದೂರದಲ್ಲಿ ಹೊಳೆ ನೋಡುತ್ತ ಕುಕ್ಕರುಗಾಲಲ್ಲಿ ಕೂತಿದ್ದ ಒಬ್ಬ ಮುದುಕನ ಕಡೆ ಬೆರಳು ಮಾಡಿದರು. ನನ್ನ ದೊಡ್ಡಪ್ಪ ಹೀಗೇ ಕೂರುತ್ತಾರೆ, ಇವರೇ ಸರಿ ಅಂದರು.

ಅವನು ಮಾಯಿಗ. ಆಚೆ ಕೇರಿಯವನು, ಪಟೇಲರ ಗದ್ದೆಯಲ್ಲಿ ಜೀತ ತೀರಿಸಿದ ಮನೆತನದವನು. ಈಗ ಅದೇ ಗದ್ದೆಗೆ ಕೂಲಿಗೆ ಬರುತ್ತಾನೆ. ಬೆರಳು ತನ್ನ ಕಡೆಗೇ ಎಂದು ಗೊತ್ತಾದಾಗ ಅವನು ತಿರುಗಿ ತನ್ನ ಹಿಂದೆ ಯಾರಿದ್ದಾರೆ ಎಂದು ನೋಡಿದ. ಹಿಂದೆ ಹೊಳೆ ಬಿಟ್ಟರೆ ಏನೂ ಇರಲಿಲ್ಲ.

ಪಟೇಲರು ನನ್ನ ಮುಖ ನೋಡಿದರು. ದುಭಾಷಿಯ ಕೆಲಸ ಭಾಷೆ ಬದಲಾಯಿಸುವುದು ಎಂದು ನೀವು ತಿಳಿದಿದ್ದರೆ ತಪ್ಪು. ಅದು ಬೆಂಕಿ ಆರಿಸುವ ಕೆಲಸ. ಯಜಮಾನನ ಪಾರ್ಟಿನಲ್ಲಿ ಏನೂ ಇಲ್ಲ ಗೌಡರೇ, ಸುಮ್ಮನೆ ಮೇಲೆ ಕೂತಿರುವುದು, ನಿಮ್ಮದು ಅವನ ಮೇಲೆ ಜಗಳ ಮಾಡುವ ಪಾರ್ಟು, ಸಿನಿಮಾ ಪೂರ್ತಿ ರೇಗುತ್ತಿರಬೇಕು ಎಂದೆ. ಅವರ ಮುಖ ಅರಳಿತು. ಕೊನೆಗೆ ಏನಾಗುತ್ತೆ ಎಂದು ಕೇಳಿದರು. ಕೊನೆಗೆ ಆ ಯಜಮಾನನ ಮನೆಯಲ್ಲಿ ನಿಮಗೆ ಸತ್ಕಾರವಿದೆ ಎಂದೆ. ಸುಳ್ಳಲ್ಲ ನೋಡಿ.

ಕತೆ ಸರಳ. ದೋಣಿಯ ವಿಚಾರಕ್ಕೆ ಒಬ್ಬನಿಗೂ ಊರ ಹಿರಿಯನಿಗೂ ಮನಸ್ತಾಪ. ಅವನು ಹಿರಿಯನ ಮನೆಯ ಏಣಿ ಹತ್ತುವುದನ್ನು ಬಿಡುತ್ತಾನೆ. ಹೊಳೆ ಉಕ್ಕಿ ಇಡೀ ಊರು ಕೊಚ್ಚಿಹೋಗುತ್ತದೆ. ಹೊಸ ಜಾಗದಲ್ಲಿ ಮೊದಲ ಮನೆ ಎದ್ದಾಗ ಅವನು ಬಂದು ಏಣಿ ಹತ್ತುತ್ತಾನೆ. ಹಿರಿಯ ತಾನು ಕುಡಿಯುತ್ತಿದ್ದ ಅಕ್ಕಿಯ ಹೆಂಡದ ಬಟ್ಟಲನ್ನು ಅವನ ಕೈಗೆ ಕೊಡುತ್ತಾನೆ. ಅವನು ಕುಡಿಯುತ್ತಾನೆ. ಮುಗಿಯಿತು.

ಶೂಟಿಂಗು ಎಂಥ ಮೋಜು ಅನ್ನುತ್ತೀರಿ! ಧ್ವನಿಯನ್ನು ಆಮೇಲೆ ಮದರಾಸಿನಲ್ಲಿ ಅವರ ಜನರಿಂದಲೇ ಮಿಸಿಂಗ್ ಭಾಷೆಯಲ್ಲಿ ಸೇರಿಸುತ್ತಾರಂತೆ. ನಮ್ಮವರು ಕ್ಯಾಮೆರಾದ ಮುಂದೆ ಕನ್ನಡದಲ್ಲಿ ಏನು ಮಾತಾಡಿದರೂ ನಡೆಯುತ್ತದೆ, ಬಾಯಿ ಆಡಿದರೆ ಸಾಕು. ಹೀಗಾಗಿ ಆ ಚಿತ್ರದಲ್ಲಿ ಪ್ರಳಯದ ಮುನ್ಸೂಚನೆ ಕೊಡುವ ಹೆಂಗಸು ನಿಜವಾಗಿ ಹೇಳುತ್ತಿರುವುದು ರಾಗಿ ಮಿಲ್ಲಿನವನ ಮೋಸದ ಬಗ್ಗೆ. ಊರು ಬಿಡುವ ಮುನ್ನ ದೇವರಿಗೆ ಮೊರೆಯಿಡುವ ಗುಂಪು ಕೂಗಿದ್ದು ಹಾಸನದ ಕೊನೇ ಬಸ್ಸು ಎಷ್ಟಕ್ಕೆ ಎಂದು.

ಪಟೇಲರಂತೂ ಮಿಂಚಿದರು. ಒಂದು ದೃಶ್ಯದಲ್ಲಿ ಅವರು ಏಣಿಯ ಕೆಳಗೆ ಕೈಮುಗಿದು ನಿಂತು, ಮೇಲೆ ಕೂತಿರುವ ಮಾಯಿಗನಿಗೆ, ಅಪ್ಪಾ ದೋಣಿ ಕೊಡು ಎಂದು ಬೇಡಬೇಕು. ಕೈಮುಗಿದರು. ತಲೆ ಬಗ್ಗಿಸಿದರು. ಮುಖದಲ್ಲಿ ದೈನ್ಯ. ಬಾಯಲ್ಲಿ ಮಾತ್ರ, "ಲೇ ಮಾಯಿಗ, ನಾಳಿಕೆ ಗದ್ದೆಗೆ ನೀರು ಕಟ್ಟಕ್ಕೆ ಒತ್ತಾರೆಗೇ ಬಾರ್ಲಾ."

ಮಾಯಿಗ ಮೇಲಿನಿಂದ ಗಂಭೀರವಾಗಿ, "ಬತ್ತೀನಿ ಬುದ್ದಿ" ಅಂದ.

ಡೈರೆಕ್ಟರು ಹಿಗ್ಗಿಹೋದರು. ಏನು ಭಾವ, ಏನು ಭಾವ! ಆ ಮಾತುಗಳ ಜಾಗದಲ್ಲಿ ಇನ್ನು ಶಾಶ್ವತವಾಗಿ ಕೂರುವುದು, "ಅಪ್ಪಾ ದೋಣಿ ಕೊಡು, ನಮಗೆ ನೀನೇ ದಿಕ್ಕು," "ಏಳು ಮಗನೇ." ಸಿನಿಮಾ ಎಷ್ಟು ದೊಡ್ಡ ಸುಳ್ಳು ಎಂದು ಆಗ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ದಿನಗಳೆದಂತೆ ಊರು ಈ ಏರ್ಪಾಡಿಗೆ ಹೊಂದಿಕೊಂಡಿತು. ಕ್ಯಾಮೆರಾ ತಿರುಗುವಾಗ ಮಾಯಿಗ ಮೇಲೆ, ಗೌಡರು ಕೆಳಗೆ. ಕಟ್ ಅಂದ ಕೂಡಲೇ ಅವನು ಏಣಿಯಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ದಾರಿ ಬಿಟ್ಟು ನಿಲ್ಲುತ್ತಿದ್ದ. ಊಟದ ಹೊತ್ತಿನಲ್ಲಿ ಅವನೂ ಅವನ ಹೆಂಡತಿ ಈರಮ್ಮನೂ ಆಚೆ ಹೊಂಗೆಮರದ ಕೆಳಗೆ. ಸಿನಿಮಾದವರಿಗೆ ಇದು ಕಾಣಿಸಲಿಲ್ಲವೋ, ಕಂಡರೂ ಮುದುಕನಿಗೆ ನೆರಳು ಇಷ್ಟ ಅಂದುಕೊಂಡರೋ ಗೊತ್ತಿಲ್ಲ. ಹೀಗೇ ಎಲ್ಲರೂ ಸುಖವಾಗಿದ್ದಾಗ ಕೊನೆಯ ದೃಶ್ಯ ಬಂತು.

ಪಡುವಣದಲ್ಲಿ ಮೋಡ ಕಟ್ಟಿತ್ತು. ಹೊಳೆ ಮರಳ ದಿಣ್ಣೆಯ ಅಂಚಿಗೆ ಬಂದಿತ್ತು. ಫಿಲ್ಮಿನ ಸುರುಳಿ ಮುಗಿಯುತ್ತ ಬಂದಿತ್ತು. ಕ್ಯಾಮೆರಾದವರು ಮರುದಿನವೇ ಮದರಾಸಿಗೆ ಹೊರಡಬೇಕಿತ್ತು. ಆ ಮಧ್ಯಾಹ್ನ ಆ ಒಂದು ಗುಟುಕು ಸಿಗದಿದ್ದರೆ ಚಿತ್ರಕ್ಕೆ ಕೊನೆಯೇ ಇಲ್ಲ.

ಹೆಂಡ ಎಂದರೆ ಊರಿನಲ್ಲಿ ಇನ್ನೊಂದು ರಾದ್ಧಾಂತವಾದೀತೆಂದು ನೀರು ಮಜ್ಜಿಗೆ ಮಾಡಿಸಿದ್ದೆ. ಪಟೇಲರು ಏಣಿ ಹತ್ತಿದರು. ಮಾಯಿಗ ಬಟ್ಟಲು ತುಟಿಗಿಟ್ಟು ಒಂದು ಗುಟುಕು ಕುಡಿದು, ಚಾಚಿದ. ಪಟೇಲರು ತಗೊಂಡರು. ಬಟ್ಟಲನ್ನು ಮೇಲಕ್ಕೆ ಎತ್ತಿ ಎದೆಯ ಮೇಲೆಲ್ಲ ಸುರಿದುಕೊಂಡರು. ಬಾಯಿಗೆ ಒಂದು ಹನಿಯೂ ಹೋಗದಂತೆ ಮಜ್ಜಿಗೆ ಸುರಿದುಕೊಳ್ಳುವುದೂ ಒಂದು ವಿದ್ಯೆ.

ಕಟ್. ಅಂಗಿ ಬದಲಾಯಿತು. ಮತ್ತೆ ಅದೇ. ಮತ್ತೆ ಅಂಗಿ. ಡೈರೆಕ್ಟರು ತಾವೇ ಏಣಿ ಹತ್ತಿ, ಮಾಯಿಗನ ಕೈಯಿಂದ ಬಟ್ಟಲು ತಗೊಂಡು, ತುಟಿಯಿಟ್ಟು ಕುಡಿದು ತೋರಿಸಿದರು. ಪಟೇಲರು ಗಮನವಿಟ್ಟು ನೋಡಿ, ತಲೆಯಾಡಿಸಿ, ಮತ್ತೆ ಎದೆಗೆ ಸುರಿದುಕೊಂಡರು.

ಎತ್ತಿ ಕುಡಿಯೋದು ನಮ್ಮ ವಂಶದ ಪದ್ಧತಿ, ಬೀಗರ ಮನೇಲೂ ನಾವು ಕಚ್ಚಿ ಕುಡಿಯೋರಲ್ಲ ಎಂದು ನನಗೆ ವಿವರಿಸಿದರು. ಹಾಸನದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇದೇ ವಂಶ ಸಾಸರಿಗೆ ಕಾಫಿ ಸುರಿದು ಸೊರಸೊರ ಹೀರುವುದನ್ನು ನಾನು ಪಕ್ಕದ ಟೇಬಲ್ಲಿನಿಂದಲೇ ನೋಡಿದ್ದೇನೆ. ಪದ್ಧತಿಗೂ ಬಸ್ ಸ್ಟ್ಯಾಂಡಿನಲ್ಲಿ ಒಂದಿಷ್ಟು ವಿಶ್ರಾಂತಿ ಬೇಡವೇ?

ಡೈರೆಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಇವರು ಯಾಕೆ ಗಿಡಕ್ಕೆ ನೀರು ಹಾಕಿದ ಹಾಗೆ ಕುಡಿಯುತ್ತಾರೆ?

ನಾನು ಹಿಂದಿಯಲ್ಲಿ ವಿವರಿಸತೊಡಗಿದೆ. ಶುದ್ಧಿ, ಆಚಾರ, ಪರಂಪರೆ. ಎಲ್ಲ ಒಳ್ಳೊಳ್ಳೆಯ ಪದಗಳೇ, ಪರೀಕ್ಷೆಯಲ್ಲಿ ಬಂದರೆ ಪೂರ್ತಿ ಅಂಕ ಸಿಗುವಂಥವು. ಅವರು ಕೇಳಿಸಿಕೊಂಡು ಕೇಳಿಸಿಕೊಂಡು, ಮುದುಕನಿಗೆ ಏನಾದರೂ ಕಾಯಿಲೆಯೇ ಎಂದರು. ಇಲ್ಲ ಎಂದೆ. ಹಾಗಾದರೆ ಇವರಿಗೆ? ಇಲ್ಲ ಎಂದೆ. ಮತ್ತೇನು ಎಂದರು. ಆ ಮತ್ತೇನಿಗೆ ನನ್ನ ಪುಸ್ತಕಗಳಲ್ಲಿ ಪಾಠವಿರಲಿಲ್ಲ. ನನಗೆ ನಾಚಿಕೆಯಾಯಿತು, ಹೊಳೆಯ ಕಡೆ ನೋಡಿದೆ.

ಅವರು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸಿಟ್ಟಿರಲಿಲ್ಲ. ಸುಸ್ತಾಗಿತ್ತು. ಮೆಲ್ಲಗೆ ಹೇಳಿದರು: ನಮ್ಮಲ್ಲಿ ಏಣಿ ಹತ್ತಿ ಬಂದವನು ಕೊಟ್ಟದ್ದನ್ನು ಕುಡಿಯುತ್ತಾನೆ. ಬಟ್ಟಲಿಗೆ ತುಟಿ ಇಡದಿದ್ದರೆ, ಅದರಲ್ಲಿ ವಿಷವಿದೆ ಎಂದು ಹೆದರಿದ್ದಾನೆ ಅಂತಲೇ ಅರ್ಥ. ನನ್ನ ತಾಯಿ ಇದನ್ನು ನೋಡಿದರೆ, ಕೊನೆಗೂ ಇವರಿಬ್ಬರಿಗೆ ರಾಜಿಯಾಗಲಿಲ್ಲ, ಇವನೊಬ್ಬ ಪುಕ್ಕಲ ಅಂದುಕೊಂಡು ಎದ್ದುಹೋಗುತ್ತಾಳೆ.

ಇದನ್ನು ನಾನು ಪಟೇಲರಿಗೆ ತಿದ್ದದೆ, ತೀಡದೆ, ಇದ್ದ ಹಾಗೇ ಹೇಳಿದೆ. ಅಷ್ಟು ದಿನಗಳಲ್ಲಿ ನಾನು ಮಾಡಿದ ಮೊದಲ ಪ್ರಾಮಾಣಿಕ ಭಾಷಾಂತರ ಅದು.

"ಪುಕ್ಲ ಅಂದಾರಾ? ನನ್ನಾ?" ಅಂದರು ಪಟೇಲರು.

ಅಸ್ಸಾಮಿನ ಒಬ್ಬ ಮುದುಕಿ, ಜನ್ಮದಲ್ಲಿ ಮಳಲಕೊಪ್ಪಲಿಗೆ ಬರದವಳು, ತಮ್ಮನ್ನು ಪುಕ್ಕಲ ಅನ್ನುತ್ತಾಳೆ ಎನ್ನುವುದು ಅವರಿಗೆ ತಡೆಯಲಾಗಲಿಲ್ಲ. ಇತ್ತ ಕಡೆ ಚನ್ನರಾಯಪಟ್ಟಣದಲ್ಲಿ ಮಗಳನ್ನು ಕೊಟ್ಟ ಬೀಗರಿದ್ದಾರೆ. ಅವರ ಕಣ್ಣಿಗೆ ಇದು ಬಿದ್ದರೆ? ಆ ಭಾಷೆಯ ಸಿನಿಮಾ ಚನ್ನರಾಯಪಟ್ಟಣಕ್ಕೆ ಬರುವುದಿಲ್ಲ ಗೌಡರೇ ಎಂದೆ. ಬಾಯಿಗಿಟ್ಟ ಬಟ್ಟಲು ಕಾಣಕ್ಕೆ ಯಾವ ಭಾಷೆ ಬೇಕು ಮೇಷ್ಟ್ರೇ ಎಂದರು.

ಬಹಳ ಹೊತ್ತು ಮೀಸೆ ತಿರುವಿ ಒಂದು ದಾರಿ ಕಂಡುಹಿಡಿದರು. ಬಟ್ಟಲಿನ ಬದಲು ಲೋಟ, ಅದೂ ತಮ್ಮ ಮನೆಯದು. ಮಜ್ಜಿಗೆ ತಮ್ಮ ಮನೆಯದು. ಮಾಯಿಗ ಅದಕ್ಕೆ ಬಾಯಿ ಹಾಕಿದ ಹಾಗೆ ನಟಿಸಬೇಕು, ಹಾಕಬಾರದು. ಕೈಯಿಂದ ಕೈಗೆ ಕೊಡುವುದೊಂದು ಮಾತ್ರ ಇದ್ದ ಹಾಗೆ. ತಮ್ಮ ಲೋಟದ ತಮ್ಮ ಮಜ್ಜಿಗೆಯನ್ನು ತಾವು ಕುಡಿದರೆ ಯಾರಪ್ಪನ ಗಂಟೇನು? ಆಳು ಓಡಿದ. ಜೀಪಿನವರು ಎಳನೀರು ಕುಡಿದ ಅದೇ ಬೆಳ್ಳಿ ಲೋಟ ಬಂತು.

ಈಗ ಮಾಯಿಗ ಮುಟ್ಟಲಿಲ್ಲ.

ಎರಡು ಕೈಯನ್ನೂ ಕಂಕುಳಲ್ಲಿ ಅವಿಸಿಕೊಂಡು ಕೂತುಬಿಟ್ಟ. ಕೆಳಗಿನಿಂದ ಈರಮ್ಮ ಬೇಡ ಎಂದು ತಲೆಯಾಡಿಸುತ್ತಿದ್ದಳು. ನಾನು ಏಣಿ ಹತ್ತಿ ಹೋಗಿ ಕೇಳಿದೆ. "ಇವ್ರೆಲ್ಲ ನಾಳೆ ಬಸ್ಸು ಅತ್ತಿ ಓಯ್ತಾರೆ ಸಾ. ನಾನು ಇದೇ ಊರಲ್ಲಿರೋನು. ನಮ್ ಬೆಳ್ಳಿ ಲೋಟ ಮುಟ್ದ ಅಂತ ನಾಳಿಕೆ ಅಂದ್ರೆ ಯಾರ್ ಮುಂದೆ ಓಗ್ಲಿ?"

ಅಷ್ಟು ದಿನ ಅಲ್ಲಿ ಅಪ್ಪನಾಗಿ ಕೂತಿದ್ದ ಮನುಷ್ಯ. ಆ ಹೊತ್ತು ನನಗೆ ಸಿನಿಮಾ ಬೇಡವೇ ಬೇಡ, ಎಲ್ಲರೂ ಮನೆಗೆ ಹೋಗೋಣ ಅನ್ನಿಸಿತು. ಕೆಳಗಿಳಿದು, ಅವನು ಹೇಳಿದ್ದನ್ನು ಪಟೇಲರಿಗೆ ಎಲ್ಲರೂ ಕೇಳುವಂತೆ ಹೇಳಿದೆ. ಗುಂಪು ಪಟೇಲರ ಮುಖ ನೋಡಿತು. ಡೈರೆಕ್ಟರಿಗೆ ಮಾತು ತಿಳಿಯದಿದ್ದರೂ ಅವರೂ ಪಟೇಲರ ಮುಖವನ್ನೇ ನೋಡಿದರು.

"ನಾನೇ ಏಳ್ತಾ ಇವ್ನಿ, ಈಸ್ಕೊಳ್ಲಾ" ಅಂದರು ಪಟೇಲರು. ಆಮೇಲೆ ಊರಿನ ಕಡೆ ತಿರುಗಿ ಒಂದು ಸುತ್ತು ನೋಡಿ, "ಯಾರೂ ಏನೂ ಅನ್ನಂಗಿಲ್ಲ" ಎಂದು ಸೇರಿಸಿದರು.

ಕ್ಯಾಮೆರಾ ತಿರುಗಿತು. ಪಟೇಲರು ಏಣಿ ಹತ್ತಿ ಎದುರು ಕೂತರು. ಮಾಯಿಗ ಲೋಟ ತಗೊಂಡ. ತುಟಿಯ ಹತ್ತಿರ ತಂದ ಹಾಗೆ ಮಾಡಿದ. ಎರಡು ಕೈಯಲ್ಲಿ ಮುಂದಕ್ಕೆ ಚಾಚಿದ. ಇಲ್ಲಿ ಅವನು ಯಾವತ್ತಿನ ಹಾಗೆ, ತಗಳಿ ಬುದ್ದಿ, ಅನ್ನಬೇಕು. ಎಲ್ಲರೂ ಅದನ್ನೇ ಕಾದಿದ್ದೆವು.

"ಕುಡಿ ಮಗಾ" ಅಂದ.

ಚಿತ್ರದ ಮಾತು ಅದೇ. ಅದರ ಅರ್ಥವನ್ನು ನಾನೇ ಮೊದಲ ದಿನ ಅವನಿಗೆ ಹೇಳಿಕೊಟ್ಟಿದ್ದೆ. ಇಷ್ಟು ದಿನದಲ್ಲಿ ಒಮ್ಮೆಯೂ ಅವನ ಬಾಯಲ್ಲಿ ಬಂದಿರಲಿಲ್ಲ. ಪಟೇಲರ ಕಣ್ಣು ಒಂದು ಕ್ಷಣ ಅಗಲವಾಯಿತು. ಕ್ಯಾಮೆರಾ ಕಿರ್ ಎನ್ನುತ್ತಿತ್ತು. ಅವರು ಲೋಟ ತಗೊಂಡರು, ಅಂಚಿಗೆ ತುಟಿಯಿಟ್ಟರು, ಕಣ್ಣು ಮುಚ್ಚಿ ಕೊನೆಯ ಹನಿಯವರೆಗೂ ಕುಡಿದರು.

ಕಟ್ ಎಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಟೇಲರು ಮೀಸೆ ಒರೆಸಿಕೊಂಡು, ಯಾರನ್ನೂ ನೋಡದೆ, ಆಕ್ಟಿಂಗು ತಾನೆ ಎಂದರು. ಊ ಬುದ್ದಿ, ಆಕ್ಟಿಂಗು, ಎಂದ ಮಾಯಿಗ. ಡೈರೆಕ್ಟರೊಬ್ಬರೇ ಅಳುತ್ತಿದ್ದರು. ಅವರಿಗೆ ಅವರ ತಾಯಿಯ ನೆನಪು.

ಮರುದಿನ ಸಿನಿಮಾದವರು ಹೊರಟರು. ಡೈರೆಕ್ಟರು ಕೇರಿಗೆ ಹೋಗಿ, ಈರಮ್ಮ ಕೊಟ್ಟ ನೀರನ್ನು ಕಚ್ಚಿ ಕುಡಿದು, ಬಸ್ಸು ಹತ್ತಿದರು. ಅದೇ ವಾರ ಮಳೆ ಹಿಡಿಯಿತು. ಹೇಮಾವತಿ ಬಂದು ಕಾಲಿನ ಮೇಲೆ ನಿಂತ ಮನೆಯನ್ನು ಎತ್ತಿಕೊಂಡು ಹೋಯಿತು. ಮಾಯಿಗ ಪಟೇಲರ ಗದ್ದೆಗೆ ನೀರು ಕಟ್ಟಲು ಒತ್ತಾರೆಗೇ ಹೋದ. ಲೇ ಮಾಯಿಗ, ಬತ್ತೀನಿ ಬುದ್ದಿ, ಎರಡೂ ತಮ್ಮ ತಮ್ಮ ಜಾಗಕ್ಕೆ ಮರಳಿದವು.

ಮರಳದೆ ಉಳಿದದ್ದು ಬೆಳ್ಳಿ ಲೋಟ.

ಪಟೇಲರು ಅದನ್ನು ಮನೆಗೆ ಒಯ್ದರು. ಅವರ ಮನೆಯವರು ಬಾಗಿಲಲ್ಲೇ ತಡೆದರಂತೆ. ಹುಣಸೆಹಣ್ಣು ಹಚ್ಚಿ ಬೆಳಗಿದರೆ ಮುಟ್ಟಿದ್ದು ಹೋಗುತ್ತೆ, ಕುಡಿದದ್ದು ಹೋಗುತ್ತಾ ಎಂದು ಕೇಳಿದರಂತೆ. ಪಟೇಲರು ಸ್ನಾನ ಮಾಡಿ ಒಳಗೆ ಹೋದರು. ಲೋಟ ಹೊರಗೆ ಉಳಿಯಿತು. (ಲೋಟಕ್ಕೂ ಒಂದು ಸ್ನಾನ ಮಾಡಿಸಬಹುದಿತ್ತಲ್ಲ ಎಂದು ನನ್ನಾಕೆ. ಕೆಲವೊಮ್ಮೆ ಅವಳು ಈ ಅಂಕಣಕ್ಕಿಂತ ಚುರುಕು.) ಕೊನೆಗೆ ಪಟೇಲರು ಗದ್ದೆಯ ಬದುವಿನಲ್ಲಿ, ಮಾಯಿಗ, ನೀನೇ ಮಡಿಕ್ಕೊಳ್ಳಲಾ ಎಂದು ಕೊಟ್ಟುಬಿಟ್ಟರು.

ಮೊನ್ನೆ ಮಾಯಿಗ ನಮ್ಮ ಮನೆಗೆ ಬಂದ. ಬಾಳೆಲೆಯಲ್ಲಿ ಸುತ್ತಿದ ಲೋಟವನ್ನು ಜಗಲಿಯ ಅಂಚಿನಲ್ಲಿಟ್ಟು ದೂರ ನಿಂತ. ಯಾಕಪ್ಪ, ಬೆಳ್ಳಿ ಬೇಡವೇ ಎಂದೆ. ಈರಮ್ಮ ಗುಡಿಸಲಿನ ಒಳಗೆ ಬಿಟ್ಟುಕೊಳ್ಳಲಿಲ್ಲವಂತೆ.

"ಪಟೇಲ್ರು ಕಚ್ಚಿ ಕುಡ್ದವ್ರಲ್ಲ ಸಾ. ಎಂಜ್ಲು ಲೋಟ. ನಾವೆಂಗೆ ಒಳಿಕ್ಕೆ ತರಾದು?"

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವನು ನಗುತ್ತಿರಲಿಲ್ಲ. ಆ ಡೈರೆಕ್ಟರ್ ಸಾಹೇಬರ ತಾಯಿಗೆ ಪೋಸ್ಟಿನಲ್ಲಿ ಕಳಿಸಿಬಿಡಿ, ಅವರ ಕಡೆ ಯಾರು ಕೊಟ್ಟರೂ ಕುಡಿಯುತ್ತಾರಂತಲ್ಲ ಎಂದು ಹೇಳಿ ಹೋದ.

ಪಾರ್ಸೆಲ್ಲಿಗೆ ಗಟ್ಟಿ ಡಬ್ಬ ಹುಡುಕುತ್ತಿದ್ದೇನೆ. ಅದುವರೆಗೆ ಎಲ್ಲಿಡುವುದು ಎಂದು ನನ್ನಾಕೆ ಕೇಳಿದಳು. ಕೇಳಿದವಳೇ ಜಾಗವನ್ನೂ ತೋರಿಸಿದಳು. ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಈಗ ಎರಡು ಲೋಟ. ಒಂದು ಡೈರೆಕ್ಟರು ಕಾಫಿ ಕುಡಿದ ಹಿತ್ತಾಳೆಯದು, ಪಕ್ಕದಲ್ಲಿ ಪಟೇಲರ ಬೆಳ್ಳಿಯದು. ಮಳೆ ಎರಡಕ್ಕೂ ಸಮನಾಗಿ ಸುರಿಯುತ್ತಿದೆ. ನಾನು ಈ ಅಂಕಣ ಬರೆಯುತ್ತಿರುವ ಕಿಟಕಿಯಿಂದ ಎರಡೂ ಕಾಣುತ್ತವೆ.

ಅಸ್ಸಾಮು ದೂರ. ಕಳಿಸುವ ಮುಂಚೆ ಕೊನೆಯದಾಗಿ ಒಮ್ಮೆ ಕೇಳಿಬಿಡುತ್ತೇನೆ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನಲ್ಲಿ ಒಂದು ಅಪ್ಪಟ ಬೆಳ್ಳಿ ಲೋಟವನ್ನು ಒಳಗೆ ಕರೆದುಕೊಳ್ಳುವ ಮನೆ ಒಂದಾದರೂ ಇದೆಯೇ, ನಮ್ಮದನ್ನು ಬಿಟ್ಟು?